ಎನ್‌ಎಸ್‌ಡಿಎಲ್‌ನ ಎಫ್‌ಪಿಐ ಮಾನಿಟರ್: ಏನು ಕಾಣುತ್ತದೆ, ಏನು ಕಾಣುವುದಿಲ್ಲ

2024ರ ಅಕ್ಟೋಬರ್‌ನಲ್ಲಿ ವಿದೇಶಿ ಫಂಡ್‌ಗಳು ನಮ್ಮ ಷೇರುಪೇಟೆಯಲ್ಲಿ ಎಷ್ಟು ಮಾರಿದವು? ಒಂದು ಕಡೆ ಸುಮಾರು 1.14 ಲಕ್ಷ ಕೋಟಿ ರೂಪಾಯಿ ಎಂದರು, ಇನ್ನೊಂದು ಕಡೆ 94 ಸಾವಿರ ಕೋಟಿ. ಎರಡೂ ಸರಿಯೇ. ಅದು ಹೇಗೆಂದು ನೀವೇ ನೋಡಿ ತಿಳಿಯಲು ಇರುವ ಒಳ್ಳೆಯ ಜಾಗ, ಷೇರುಗಳನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳುವ ಸಂಸ್ಥೆಯಾದ ಎನ್‌ಎಸ್‌ಡಿಎಲ್‌ನ ಎಫ್‌ಪಿಐ (ವಿದೇಶಿ ಪೋರ್ಟ್‌ಫೋಲಿಯೊ ಹೂಡಿಕೆದಾರರು) ಮಾನಿಟರ್ ಪುಟ. ಲಾಗಿನ್ ಬೇಡ, ದುಡ್ಡೂ ಬೇಡ.

ಪ್ರತಿದಿನದ ಪಟ್ಟಿಯಲ್ಲಿ ಮೊದಲು ‘ಈಕ್ವಿಟಿ’ ಭಾಗಕ್ಕೆ ಹೋಗಿ. ಅಲ್ಲಿ ಎರಡು ಸಾಲು: ‘ಸ್ಟಾಕ್ ಎಕ್ಸ್‌ಚೇಂಜ್’ (ಪೇಟೆಯಲ್ಲಿ ನಡೆವ ದಿನನಿತ್ಯದ ವಹಿವಾಟು) ಮತ್ತು ‘ಪ್ರೈಮರಿ ಮಾರ್ಕೆಟ್ ಅಂಡ್ ಅದರ್ಸ್’ (ಐಪಿಒ ಮುಂತಾದವುಗಳಲ್ಲಿ ಕೊಂಡದ್ದು). ಒಟ್ಟು ಖರೀದಿ, ಒಟ್ಟು ಮಾರಾಟ, ನಿವ್ವಳ, ಡಾಲರ್ ಲೆಕ್ಕ ಪಕ್ಕಪಕ್ಕದಲ್ಲೇ ಇವೆ. ಆವರಣದೊಳಗಿನ ಅಂಕಿ ಎಂದರೆ ಮಾರಾಟವೇ ಹೆಚ್ಚು ಎಂದರ್ಥ. ಆ ಅಕ್ಟೋಬರ್‌ನಲ್ಲಿ ಮೊದಲ ಸಾಲಿನಲ್ಲಿ 1.14 ಲಕ್ಷ ಕೋಟಿ ಹೊರಹೋಯಿತು, ಎರಡನೆಯದರಲ್ಲಿ ಸುಮಾರು 20 ಸಾವಿರ ಕೋಟಿ ಒಳಬಂತು. ಕಳೆದರೆ 94 ಸಾವಿರ.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ಇಂದಿನ ಸಾಲಿನಲ್ಲಿರುವುದು ಹಿಂದಿನ ವಹಿವಾಟು ದಿನದವರೆಗಿನ ಲೆಕ್ಕ. ಎಕ್ಸ್‌ಚೇಂಜ್‌ಗಳು ಸಂಜೆ ಕೊಡುವ ತಾತ್ಕಾಲಿಕ ಅಂಕಿಯ ಜೊತೆ ಹೋಲಿಸುವುದಾದರೆ ಒಂದು ದಿನ ಸರಿಸಿಕೊಳ್ಳಿ. ಕೆಳಗಿರುವ ಡೆರಿವೇಟಿವ್ಸ್ (ಫ್ಯೂಚರ್ಸ್, ಆಪ್ಷನ್ಸ್‌ನಂಥ ಒಪ್ಪಂದಗಳು) ಪಟ್ಟಿಯನ್ನು ಇದಕ್ಕೆ ಸೇರಿಸಲೇಬೇಡಿ; ಅಲ್ಲಿರುವುದು ಒಪ್ಪಂದಗಳ ಮೌಲ್ಯ, ದೇಶಕ್ಕೆ ಬಂದ ಹಣವಲ್ಲ. ಹದಿನೈದು ದಿನಕ್ಕೊಮ್ಮೆ ಬರುವ ವಲಯವಾರು ಪಟ್ಟಿಯಲ್ಲೂ ಎಚ್ಚರ ಬೇಕು. ‘ಅಸೆಟ್ಸ್ ಅಂಡರ್ ಕಸ್ಟಡಿ’, ಅಂದರೆ ಅವರ ಕೈಲಿರುವ ಷೇರುಗಳ ಒಟ್ಟು ಮೌಲ್ಯ, ಇಳಿದರೆ ಮಾರಿದರು ಎಂದೇ ಅಲ್ಲ, ಷೇರು ಬೆಲೆ ಬಿದ್ದರೂ ಅದು ಇಳಿಯುತ್ತದೆ. ನಿವ್ವಳ ಹೂಡಿಕೆಯ ಕಾಲಮ್ಮನ್ನೇ ನೋಡಿ.

ಈ ಪುಟದ ದೊಡ್ಡ ಕೊರತೆ ಅದೇ ಅಕ್ಟೋಬರ್‌ನಲ್ಲಿ ಎದ್ದು ಕಾಣುತ್ತದೆ. ಹ್ಯುಂಡೈ ಮೋಟಾರ್ ಇಂಡಿಯಾದ 27,870 ಕೋಟಿಯ ಐಪಿಒ ಬಂದದ್ದು ಆಗಲೇ. ಅದು ಪೂರ್ತಿ ಆಫರ್ ಫಾರ್ ಸೇಲ್; ಹೊಸ ಷೇರು ಒಂದೂ ಇಲ್ಲ, ಮಾರಿದ ಹಣ ಕೊರಿಯಾದ ಮಾತೃಸಂಸ್ಥೆಗೆ. ವಿದೇಶಿ ಫಂಡ್‌ಗಳು ಅದರಲ್ಲಿ ಕೊಂಡ ಪಾಲು ಇಲ್ಲಿ ಒಳಹರಿವು ಎಂದು ದಾಖಲಾಗುತ್ತದೆ. ಮಾತೃಸಂಸ್ಥೆ ಮಾರಿದ್ದು ಮಾತ್ರ ಎಲ್ಲೂ ಸಿಗದು, ಏಕೆಂದರೆ ಅದು ನೇರ ಹೂಡಿಕೆ (ಕಂಪನಿಯನ್ನೇ ನಡೆಸಲು ಹಾಕಿದ ಹಣ, ಎಫ್‌ಡಿಐ), ಅದರ ಲೆಕ್ಕ ಆರ್‌ಬಿಐ ಬುಲೆಟಿನ್‌ನಲ್ಲಿ. ಆ ಲೆಕ್ಕ ಸಣ್ಣದಲ್ಲ. 2024-25ರಲ್ಲಿ ಒಟ್ಟು ನೇರ ಹೂಡಿಕೆ ಸುಮಾರು 81 ಬಿಲಿಯನ್ ಡಾಲರ್ ಬಂತು. ಪಾಲು ಮಾರಿ, ಬಂಡವಾಳ ಹಿಂಪಡೆದು ಒಯ್ದದ್ದು 51 ಬಿಲಿಯನ್‌ಗೂ ಹೆಚ್ಚು. ನಮ್ಮ ಕಂಪನಿಗಳು ಹೊರದೇಶದಲ್ಲಿ ಹೂಡಿದ್ದನ್ನೂ ಕಳೆದರೆ, ಆರ್‌ಬಿಐನ ಮೊದಲ ಅಂದಾಜಿನಲ್ಲಿ ಉಳಿದದ್ದು ಅರ್ಧ ಬಿಲಿಯನ್‌ಗೂ ಕಡಿಮೆ.

ಮಾರಾಟದ ಪರಿಣಾಮ ತಿಳಿಯಲೂ ಈ ಪುಟವೊಂದೇ ಸಾಲದು. ಅಕ್ಟೋಬರ್‌ನಲ್ಲಿ ವಿದೇಶಿ ಫಂಡ್‌ಗಳು ಮಾರಿದ ಬಹುಪಾಲನ್ನು ಮ್ಯೂಚುವಲ್ ಫಂಡ್, ವಿಮಾ ಕಂಪನಿಗಳಂಥ ದೇಶೀ ಸಂಸ್ಥೆಗಳು ಕೊಂಡವು, ಹಾಗಾಗಿ ಪೇಟೆ ಇನ್ನೂ ಆಳಕ್ಕೆ ಬೀಳಲಿಲ್ಲ. ಆದರೆ ಜನ ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಕಟ್ಟುವ ಎಸ್‌ಐಪಿ ಹಣ ಷೇರು ಕೊಳ್ಳಬಲ್ಲದು, ಡಾಲರ್ ತರಲಾರದು. ಮಾರಿದವರು ರೂಪಾಯಿ ಕೊಟ್ಟು ಡಾಲರ್ ಕೇಳುತ್ತಾರೆ. ಡಾಲರ್ 84 ರೂಪಾಯಿ ದಾಟಿತು. ಸೆಪ್ಟೆಂಬರ್ ಕೊನೆಗೆ 704.9 ಬಿಲಿಯನ್ ಇದ್ದ ವಿದೇಶಿ ವಿನಿಮಯ ಮೀಸಲು ಜನವರಿ ಮಧ್ಯದ ಹೊತ್ತಿಗೆ 624 ಬಿಲಿಯನ್ ಆಸುಪಾಸಿಗೆ ಇಳಿಯಿತು. ಇದರಲ್ಲಿ ಒಂದಂಶ ಡಾಲರ್ ಬಲಗೊಂಡು ಬೇರೆ ಕರೆನ್ಸಿಗಳ ಮೌಲ್ಯ ಕುಗ್ಗಿದ್ದರಿಂದ. ಆರ್‌ಬಿಐ ಡಾಲರ್ ಮಾರಿದಷ್ಟೂ ಬ್ಯಾಂಕುಗಳಿಂದ ರೂಪಾಯಿ ಅದರ ಬೊಕ್ಕಸ ಸೇರುತ್ತದೆ, ಬ್ಯಾಂಕುಗಳಲ್ಲಿ ನಗದು ಬಿಗಿಯಾಗುತ್ತದೆ. ಬಿಗಿ ಸಡಿಲಿಸಲು ಡಿಸೆಂಬರ್‌ನಲ್ಲಿ ಸಿಆರ್‌ಆರ್ (ಠೇವಣಿಯಲ್ಲಿ ಬ್ಯಾಂಕುಗಳು ಆರ್‌ಬಿಐ ಬಳಿ ಇಡಲೇಬೇಕಾದ ಪಾಲು) ಅನ್ನು ಶೇ 4.5ರಿಂದ 4ಕ್ಕೆ ಇಳಿಸಿ 1.16 ಲಕ್ಷ ಕೋಟಿ ಬಿಡುಗಡೆ ಮಾಡಬೇಕಾಯಿತು. ಒಂದೂ ಷೇರು ಇಲ್ಲದವರ ಸಾಲದ ಬಡ್ಡಿಗೂ ಈ ಮಾರಾಟ ತಾಗುವ ದಾರಿ ಇದು.

ಷೇರು ಮತ್ತು ಸಾಲಪತ್ರದ ದಿನದ ಹರಿವಿಗೆ ಈ ಸೇವೆಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ದೇಶದಿಂದ ಒಟ್ಟು ಎಷ್ಟು ಬಂಡವಾಳ ಹೊರಟಿತು ಎಂದು ಕೇಳುವವರು ಆರ್‌ಬಿಐ ಬುಲೆಟಿನ್‌ನ ವಿದೇಶಿ ಹೂಡಿಕೆಯ ಕೋಷ್ಟಕವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಲೇಬೇಕು. ಅದು ಕೆಲವು ವಾರ ತಡವಾಗಿ ಬರುತ್ತದೆ.