ಸ್ಟುವರ್ಟ್ ಹೈವೇಯ ಒಂದು ರೋಡ್‌ಹೌಸ್: ಟಾಯ್ಲೆಟ್‌ಗೆ ನಾಲ್ಕು ಸ್ಟಾರ್, ಕೌಂಟರ್‌ಗೆ ಸೊನ್ನೆ

ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಡಾರ್ವಿನ್‌ಗೆ ಮನೆ ಬದಲಾಯಿಸಿದೆವು. ಸಾಮಾನೆಲ್ಲ ಲಾರಿಯಲ್ಲಿ, ನಾವು ಮೂವರು ಕಾರಿನಲ್ಲಿ. ಸುಮಾರು 3,000 ಕಿ.ಮೀ. ದಾರಿ. ಆಲಿಸ್ ಸ್ಪ್ರಿಂಗ್ಸ್ ದಾಟಿ ಟೆನೆಂಟ್ ಕ್ರೀಕ್ ಮುಟ್ಟುವವರೆಗೆ 500 ಕಿ.ಮೀ., ನಡುವೆ ಬೆರಳೆಣಿಕೆಯಷ್ಟು ರೋಡ್‌ಹೌಸ್‌ಗಳು. ಅದರಲ್ಲಿ ಒಂದರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬೇಡ.

ಪೆಟ್ರೋಲ್ ಬಂಕ್, ಹೋಟೆಲ್, ಬಾರ್, ಕಿರಾಣಿ ಎಲ್ಲ ಒಂದೇ ಸೂರಿನಡಿ. ಕಾಫಿ ಸುಮಾರು. ಸಸ್ಯಾಹಾರಿಗಳಿಗೆ ಚೀಸ್ ಟೋಸ್ಟ್, ಆಲೂಗಡ್ಡೆ ಚಿಪ್ಸ್, ಅಷ್ಟೇ. ನೊಣಗಳು ಮಾತ್ರ ಬೇಕಾದಷ್ಟು.

ಪಂಪ್ ಮೇಲೆ ‘ಲೋ ಅರೋಮ್ಯಾಟಿಕ್’ ಅಂತ ಬರೆದಿತ್ತು. ನಮ್ಮ ಯಜಮಾನರಿಗೆ ಅನುಮಾನ, ನೀರು ಗೀರು ಬೆರೆಸಿದ್ದಾರಾ ಅಂತ. ಹಾಗೇನಿಲ್ಲ. ಈ ಕಡೆಯ ಅಬೊರಿಜಿನಲ್, ಅಂದರೆ ಮೂಲನಿವಾಸಿಗಳ ಊರುಗಳಲ್ಲಿ ಹುಡುಗರು ಪೆಟ್ರೋಲ್ ಮೂಸಿ ಮಿದುಳು ಹಾಳುಮಾಡಿಕೊಳ್ಳುತ್ತಿದ್ದರು, ಕೆಲವರು ಸತ್ತೇ ಹೋದರು. ಅದಕ್ಕೇ 2005ರಲ್ಲಿ ಬಿಪಿ ಕಂಪನಿ ಓಪಲ್ ಅನ್ನುವ ಪೆಟ್ರೋಲ್ ತಂದಿತು. ಅಮಲೇರಿಸುವ ಅಂಶ ಅದರಲ್ಲಿ ತೀರಾ ಕಡಿಮೆ. ಗಾಡಿಗೆ ಮಾಮೂಲಿ 91 ಆಕ್ಟೇನ್ ಪೆಟ್ರೋಲ್‌ನಷ್ಟೇ ಒಳ್ಳೆಯದು. ನಮ್ಮ ಕಾರು ಡಾರ್ವಿನ್‌ವರೆಗೆ ಒಮ್ಮೆಯೂ ಕೆಮ್ಮಲಿಲ್ಲ.

ಈಗ ಟಾಯ್ಲೆಟ್. ಕೀ ಕೌಂಟರ್‌ನಲ್ಲಿ, ಒಂದು ದೊಡ್ಡ ಸ್ಪ್ಯಾನರ್‌ಗೆ ಕಟ್ಟಿಟ್ಟಿದ್ದಾರೆ. ನಾನು ಏನೂ ಕೊಂಡಿರಲಿಲ್ಲ. ಕೇಳಿದೆ, ಕೊಟ್ಟರು. ಒಳಗೆ ನಿಜಕ್ಕೂ ಚೊಕ್ಕಟ. ಸೋಪು, ಪೇಪರ್, ನೀರು ಎಲ್ಲ ಇತ್ತು.

ಕೀ ವಾಪಸ್ ತಂದಾಗ ಕೌಂಟರ್ ಮುಂದೆ ಒಬ್ಬ ಅಬೊರಿಜಿನಲ್ ಅಜ್ಜಿ, ಜೊತೆಗೆ ಐದಾರು ವರ್ಷದ ಮೊಮ್ಮಗ. ಅವರೂ ಕೀ ಕೇಳಿದರು. ‘ಗಿರಾಕಿಗಳಿಗೆ ಮಾತ್ರ. ಏನಾದರೂ ತಗೊಳ್ಳಿ.’ ಕೌಂಟರಿನವರು ಜೋರು ಮಾಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮಲೆನಾಡಿನ ನನ್ನ ಅಜ್ಜನ ಊರಿನ ಹೋಟೆಲಿನಲ್ಲಿ ಕೆಲವರ ಲೋಟ ಹೊರಗೆ ಗೋಡೆಯ ಮೇಲೆ ಇರುತ್ತಿತ್ತು. ಆ ದನಿ ನನಗೇನು ಹೊಸದಲ್ಲ. ಕೀ ಇನ್ನೂ ನನ್ನ ಕೈಯಲ್ಲೇ ಇತ್ತು. ಸೀದಾ ಅಜ್ಜಿಗೆ ಕೊಡಬಹುದಿತ್ತು ಅಲ್ವಾ? ಕೌಂಟರ್ ಮೇಲೆ ಇಟ್ಟೆ. ಅಜ್ಜಿ ಚಿಲ್ಲರೆ ಎಣಿಸಿ ಒಂದು ಐಸ್ ಕ್ಯಾಂಡಿ ಕೊಂಡರು, ಆಮೇಲೆ ಕೀ ಸಿಕ್ಕಿತು.

ಚಿಲ್ಲರೆ ಎಣಿಸುವಾಗ ಅವರ ಎಡಗೈ ಕಂಡಿತು. ಮೊಣಕೈ ಹತ್ತಿರ ಹಗ್ಗದಂತೆ ಉಬ್ಬಿದ ನರ. ನಾನು ಡಯಾಲಿಸಿಸ್ ನರ್ಸ್, ಫಿಸ್ಟುಲಾ ಅಂತ ನೋಡಿದ ಕೂಡಲೇ ಗೊತ್ತಾಯಿತು, ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ. ಅಂಥವರಿಗೆ ಮೂತ್ರ ಅಷ್ಟಾಗಿ ಬರುವುದಿಲ್ಲ. ಟಾಯ್ಲೆಟ್ ಬೇಕಿದ್ದದ್ದು ಹುಡುಗನಿಗೆ.

ಹೊರಗೆ ಮರದ ನೆರಳಲ್ಲಿ ಮಾತಾಡಿದೆವು. ಅಜ್ಜಿಯ ತಮ್ಮ ತೀರಿಕೊಂಡಿದ್ದರಂತೆ, ‘ಸಾರಿ ಬಿಸಿನೆಸ್’ಗೆ ಊರಿಗೆ ಬಂದಿದ್ದರು. ಇಲ್ಲಿ ಸಾವಿನ ಕಾರ್ಯಗಳಿಗೆ ಹಾಗನ್ನುತ್ತಾರೆ. ಈಗ ಆಲಿಸ್‌ಗೆ ಹೋಗುವ ಗಾಡಿಗೆ ಕಾಯುತ್ತಿದ್ದರು. ವಾರಕ್ಕೆ ಮೂರು ದಿನ ಮೆಷಿನ್ನು, ಅದಕ್ಕೇ ಊರು ಬಿಟ್ಟು ಅಲ್ಲಿ ವಾಸ. ಇವರೊಬ್ಬರ ಕತೆಯಲ್ಲ ಇದು. ಪಶ್ಚಿಮ ಮರುಭೂಮಿಯ ಪಿಂಟುಪಿ ಜನ ಇದೇ ಗೋಳಿಗೆ ತಾವೇ ಚಿತ್ರ ಬರೆದು 2000ದಲ್ಲಿ ಸಿಡ್ನಿಯಲ್ಲಿ ಹರಾಜು ಹಾಕಿದರು. ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ದೂರದ ಊರುಗಳಲ್ಲೇ ಡಯಾಲಿಸಿಸ್ ಕೊಡುವ ಪರ್ಪಲ್ ಹೌಸ್ ಸಂಸ್ಥೆ ಹುಟ್ಟಿದ್ದು ಹಾಗೆ. 2004ರಲ್ಲಿ ಪಿಂಟುಪಿಗಳ ಕಿಂಟೋರ್ ಊರಿಗೇ ಡಯಾಲಿಸಿಸ್ ಬಂತು. ಅಜ್ಜಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಸುಮ್ನೆ ಪಾಠ ಮಾಡಿದೆ.

ಐಸ್ ಕ್ಯಾಂಡಿಯ ತುದಿ ಮುರಿದು ತಮ್ಮ ಬಾಯಿಗೆ ಹಾಕಿಕೊಂಡರು, ಉಳಿದದ್ದು ಹುಡುಗನಿಗೆ. ಡಯಾಲಿಸಿಸ್‌ನವರು ನೀರು ಅಳೆದು ಕುಡಿಯಬೇಕು. ಬಾಯಾರಿದರೆ ಐಸ್ ಚೀಪಿ ಅಂತ ನಾವೇ ಹೇಳುತ್ತೇವೆ.

ಕಿರಾಣಿ ರೇಟು ಬಗ್ಗೆ ದೂರಬೇಕು ಅಂದುಕೊಂಡಿದ್ದೆ, ಸಣ್ಣ ಹೂಕೋಸಿಗೆ ಒಂಬತ್ತು ಡಾಲರ್. ಆದರೆ ನಾನು ಒಂದು ಸಲ ಕೊಟ್ಟು ಹೋಗುವವಳು. ಸುತ್ತಲಿನ ಜನಕ್ಕೆ ಇದೇ ಸಂತೆ. ಅಲ್ಲಿ ಕೋಲಾ ಅಗ್ಗ, ಸೊಪ್ಪು ದುಬಾರಿ.

ನಿಲ್ಲುವುದಾದರೆ ಪೆಟ್ರೋಲ್ ಹಾಕಿಸಿ, ಕಾಫಿ ಬಿಡಿ. ಮೊಸರನ್ನ ಆಲಿಸ್‌ನಲ್ಲೇ ಕಟ್ಟಿಕೊಳ್ಳಿ. ಟಾಯ್ಲೆಟ್ ಕೀ ಕೇಳಿದರೆ ನಿಮಗೆ ಕೊಡುತ್ತಾರೆ.