ಕಾಸರಗೋಡು ಪೇಟೆಯ ಆಯಸ್ಕಾಂತ ಗುಂಡುಗಳು: ಮಕ್ಕಳಿರುವ ಮನೆಗೆ ಬೇಡ

ಫ್ಯಾನ್ಸಿ ಅಂಗಡಿಯ ಈ ತಗಡಿನ ಡಬ್ಬಿಯಲ್ಲಿ 5 ಮಿ.ಮೀ. ದಪ್ಪದ 216 ನಿಯೋಡೈಮಿಯಂ (ಬಲು ಜೋರಾದ ಆಯಸ್ಕಾಂತ) ಗುಂಡುಗಳಿವೆ. ಹೊಳಪು ಚೆಂದ, ಹಿಡಿತ ಜೋರು. ತೊಂದರೆಯೂ ಆ ಹಿಡಿತದ್ದೇ. ಒಂದೇ ಗುಂಡು ನುಂಗಿದರೆ ಸಾಮಾನ್ಯವಾಗಿ ಮಲದಲ್ಲಿ ಹೊರಬೀಳುತ್ತದೆ. ಎರಡಾದರೆ ಕರುಳಿನ ಬೇರೆ ಬೇರೆ ಸುರುಳಿಗಳಿಂದ ಪರಸ್ಪರ ಸೆಳೆದು ಕಚ್ಚಿಕೊಳ್ಳುತ್ತವೆ. ನಡುವೆ ಸಿಕ್ಕ ಗೋಡೆಗೆ ರಕ್ತ ಹರಿಯದೆ ತೂತು ಬೀಳುತ್ತದೆ. ಮೊದಲಿಗೆ ಕಾಣುವುದು ಬರೀ ಹೊಟ್ಟೆನೋವು, ವಾಂತಿ. ಗ್ಯಾಸ್ ಎಂದುಕೊಂಡು ಓಮದ ನೀರು ಕುಡಿಸುತ್ತ ಕೂರಬೇಡಿ. ಅನುಮಾನ ಬಂದ ಕೂಡಲೇ, ವಾಂತಿ ಮಾಡಿಸದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಒಯ್ಯಿರಿ. ಒಂದೇ ಕೋನದ ಚಿತ್ರದಲ್ಲಿ ಅಂಟಿಕೊಂಡ ಎರಡು ಗುಂಡು ಒಂದಾಗಿ ಕಾಣಬಹುದು, ಪಕ್ಕದಿಂದಲೂ ತೆಗೆಸಬೇಕು.

ಆಟಿಕೆಗಳಿಗೆ 2021ರ ಜನವರಿ 1ರಿಂದ ಕಡ್ಡಾಯವಾದ ಐಎಸ್‌ಐ ಗುರುತು ಡಬ್ಬಿಯಲ್ಲಿಲ್ಲ. ಎಚ್ಚರಿಕೆಯ ಮಾತು ಕನ್ನಡದಲ್ಲೂ ಇಲ್ಲ, ಮಲಯಾಳದಲ್ಲೂ ಇಲ್ಲ. ಈಗಾಗಲೇ ಕೊಂಡಿದ್ದರೆ ಉದ್ದ, ಅಗಲ, ಎತ್ತರಕ್ಕೆ 6ರಂತೆ ಘನ (6×6×6 = 216) ಕೂಡಿಸಿ ನೋಡಿ: ಮೂಲೆ ಖಾಲಿ ಉಳಿದರೆ ಗುಂಡು ಎಲ್ಲೋ ಬಿದ್ದಿದೆ.