ಹಳೆಯ 407, ಮನೆಯ ಸರ್ವಿಸ್, ಸ್ಟಾರ್ಟ್ ಆಗದ ಬೆಳಗು: ತೀರ್ಥಹಳ್ಳಿ ಕಡೆಯಿಂದ ಒಂದು ವಿಮರ್ಶೆ

ನಮ್ಮ ಮನೆಯ 407 ಲಾರಿಯನ್ನು ಮಾರಿಬಿಡಿ ಎಂದು ಹೇಳದ ನೆಂಟರಿಲ್ಲ. ನಾನು ಮಾರಿಲ್ಲ, ಸದ್ಯಕ್ಕೆ ಮಾರುವುದೂ ಇಲ್ಲ. ಇದು ಸ್ಟಾರ್ಟ್ ಆಗದ ದಿನ ಯಾಕೆ ಆಗಲಿಲ್ಲ ಎಂದು ಅಂಗಳದಲ್ಲೇ ಕಂಡುಹಿಡಿಯಬಹುದು. ಇಷ್ಟು ವರ್ಷ ಓಡಿಸಿದ ಮೇಲೆ ಈ ಗಾಡಿಯ ಬಗ್ಗೆ ನನಗೆ ಅತಿ ಹೆಚ್ಚು ಇಷ್ಟವಾಗಿರುವುದು ಇದೇ.

ಟಾಟಾದವರು 407 ಅನ್ನು ಮಾರುಕಟ್ಟೆಗೆ ಬಿಟ್ಟಿದ್ದು 1986ರಲ್ಲಿ. ನಮ್ಮದು ಹಳೆಯ ಕಾಲದ ಮೆಕ್ಯಾನಿಕಲ್ ಪಂಪಿನ ಗಾಡಿ. ನಾಲ್ಕು ಸಿಲಿಂಡರ್, 2956 ಸಿಸಿ ಎಂಜಿನ್. ಡೀಸೆಲ್ ಪಂಪನ್ನು ಇಲ್ಲಿನ ಹಳೇ ಮೆಕ್ಯಾನಿಕ್‌ಗಳು ಈಗಲೂ 'ಮೈಕೋ ಪಂಪು' ಅಂತಲೇ ಕರೆಯುತ್ತಾರೆ (ಮೈಕೋ ಅಂದರೆ ಈಗಿನ ಬಾಷ್ ಕಂಪನಿಯ ಹಳೆ ಹೆಸರು). ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಗಳು ಹೊಗೆ ತುಂಬಾ ಕಡಿಮೆ ಬಿಡುತ್ತವೆ, ಅದು ಒಳ್ಳೆಯದೇ. ಆದರೆ ಅವು ಕೆಟ್ಟರೆ ಮೊದಲು ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಬೇಕು. ಜೋರು ಮಳೆಯಲ್ಲಿ, ಕರೆಂಟಿಲ್ಲದ ತೋಟದ ಮನೆಗೆ ಸ್ಕ್ಯಾನರ್ ಹಿಡಿದು ಯಾರು ಬರ್ತಾರೆ?

ನಮ್ಮಲ್ಲಿ ಇದರ ಕೆಲಸ ಗೊಬ್ಬರ, ಹಿಂಡಿ, ಸೋಗೆ, ಮತ್ತೆ ಶಿವಮೊಗ್ಗಕ್ಕೆ ಅಡಿಕೆ ಮೂಟೆ. ಸಣ್ಣ ಸರ್ವಿಸ್ ಎಲ್ಲ ಮನೆಯಲ್ಲೇ. ಆಯುಧ ಪೂಜೆ ಹತ್ತಿರ ಬಂದಾಗ ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರ್, ಬ್ಯಾಟರಿ ಕ್ಲೀನ್, ಗಾಡಿ ತೊಳೆಯುವುದು. ಸುತ್ತಲಿನ ಹಳ್ಳಿಗಳಲ್ಲಿ ಹಳೆ ಗಾಡಿ ಇರುವವರೆಲ್ಲ ಹೀಗೇ ಮಾಡುತ್ತಾರೆ. ಮಾರನೇ ದಿನ ಅವರಲ್ಲಿ ಯಾರಾದರೊಬ್ಬರು ಫೋನ್ ಮಾಡುತ್ತಾರೆ: "ಮಾರಾಯ್ರೇ, ನಿನ್ನೆ ಓಡ್ತಿದ್ದ ಗಾಡಿ ಇವತ್ತು ಸ್ಟಾರ್ಟೇ ಆಗ್ತಿಲ್ಲ!"

ಅಂಥ ಹೊತ್ತಿನಲ್ಲಿ ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಶಬ್ದ ಕೇಳಿ. 'ಟಕ್' ಎಂದು ಒಂದೇ ಸದ್ದು ಬಂದು ನಿಂತರೆ, ಅಥವಾ ಎಂಜಿನ್ ನಿಧಾನಕ್ಕೆ ತಿರುಗಿದರೆ ವಿಷಯ ಕರೆಂಟಿನದು. ಬ್ಯಾಟರಿ ಬಿಚ್ಚಿ ಕೂರಿಸಿದ್ದರೆ ಟರ್ಮಿನಲ್ ಕೈಯಲ್ಲಿ ತಿರುಗುತ್ತದಾ ನೋಡಿ. ತಿರುಗಿದರೆ ಟೈಟ್ ಆಗಿಲ್ಲ. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಅದು ಸಡಿಲವಾಗಿದ್ದರೂ ತುಕ್ಕು ಹಿಡಿದಿದ್ದರೂ ಹೊಸ ಬ್ಯಾಟರಿ ಹಾಕಿ ಏನೂ ಪ್ರಯೋಜನ ಇಲ್ಲ. ಮೀಟರ್ ಇದ್ದರೆ ಇನ್ನೂ ಸುಲಭ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ ಎಂದೇ ಲೆಕ್ಕ.

ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೂ ಹತ್ತುತ್ತಿಲ್ಲ ಅಂದರೆ ಸೈಲೆನ್ಸರ್ ಹತ್ತಿರ ಒಬ್ಬರನ್ನು ನಿಲ್ಲಿಸಿ. ಹೊಗೆ ಒಂದು ಚೂರೂ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಹೊಗೆ ಇಲ್ಲದಿದ್ದರೆ ಮೊದಲು ಎಂಜಿನ್ ಆಫ್ ಮಾಡುವ ಕೇಬಲ್ ನೋಡಿ. ನಮ್ಮ ಗಾಡಿಯಲ್ಲಿ ಅದು ಎಳೆಯುವ ಗುಂಡಿ. ಎಳೆದರೆ ಪಂಪಿನಲ್ಲಿ ಡೀಸೆಲ್ ಬಂದ್. ತೊಳೆದ ಮೇಲೆ ನೀರು, ಮಣ್ಣು ಸೇರಿ ಕೇಬಲ್ ಅರ್ಧಕ್ಕೇ ಹಿಡಿದುಕೊಂಡರೆ ಗುಂಡಿ ಒಳಗೆ ಹೋದಂತೆ ಕಾಣುತ್ತದೆ, ಆದರೆ ಪಂಪಿನ ಮೇಲಿನ ಲಿವರ್ ಹಿಂದಕ್ಕೆ ಬಂದಿರುವುದಿಲ್ಲ. ಕೈಯಿಂದ ಆ ಲಿವರ್ ದೂಡಿ ನೋಡಿದರೆ ಗೊತ್ತಾಗುತ್ತದೆ.

ಕೇಬಲ್ ಸರಿ ಇದ್ದರೆ, ಫಿಲ್ಟರ್ ಬದಲಾಯಿಸಿದ ಗಾಡಿಯಲ್ಲಿ ಬಹುಪಾಲು ಕಾರಣ ಏರ್. ಫಿಲ್ಟರ್ ಬಟ್ಟಲು ಬಿಚ್ಚಿದಾಗ ಗಾಳಿ ಒಳಗೆ ಬಂದೇ ಬರುತ್ತದೆ. ಡೀಸೆಲ್ ಒತ್ತಿದರೆ ಹೆಚ್ಚು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪು ಕೊಟ್ಟ ಒತ್ತಡವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ತೆರೆಯುವುದೇ ಇಲ್ಲ. ಏರ್ ತೆಗೆಯಲು ಸ್ಪ್ಯಾನರ್ ಮತ್ತು ತಾಳ್ಮೆ ಸಾಕು. ಫಿಲ್ಟರ್ ತಲೆಯ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪು) ಮೇಲಿರುವ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ಬರೀ ಗುಳ್ಳೆ ಬರುತ್ತದೆ. ಗುಳ್ಳೆ ಇಲ್ಲದ ಡೀಸೆಲ್ ಬಂದಾಗ, ಒತ್ತುತ್ತಾ ಇರುವಾಗಲೇ ಸ್ಕ್ರೂ ಬಿಗಿ ಮಾಡಿ. ದೊಡ್ಡ ಪಂಪಿನ, ಅಂದರೆ ಮೈಕೋ ಪಂಪಿನ, ಸ್ಕ್ರೂನಲ್ಲೂ ಹೀಗೇ. ಆಮೇಲೂ ಹತ್ತದಿದ್ದರೆ ನಾಜಲ್ ಪೈಪಿನ ನಟ್‌ಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಡೀಸೆಲ್ ಬಂದ ಪೈಪನ್ನು ಒಂದೊಂದಾಗಿ ಬಿಗಿ ಮಾಡುತ್ತಾ ಬನ್ನಿ. ಸೆಲ್ಫ್ ಹತ್ತು ಹದಿನೈದು ಸೆಕೆಂಡ್‌ಗಿಂತ ಜಾಸ್ತಿ ಒತ್ತಬೇಡಿ, ನಡುವೆ ಅದು ತಣಿಯಲಿ. ಆ ಪೈಪಿನ ಹತ್ತಿರ ಕೈ ಇಡಲೇಬೇಡಿ. ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಸೂಜಿ ಚುಚ್ಚಿದಷ್ಟು ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಂದು ಸಲ ಇಷ್ಟೆಲ್ಲ ಮಾಡಿ ಗಾಡಿ ಹತ್ತಿತು, ಐದೇ ನಿಮಿಷಕ್ಕೆ ನಿಂತಿತು. ಮತ್ತೆ ಏರ್ ತೆಗೆದರೆ ಮತ್ತೆ ಹತ್ತಿತು, ಮತ್ತೆ ನಿಂತಿತು. ಎಲ್ಲೂ ಒಂದು ಹನಿ ಸೋರಿರಲಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಫೋನ್ ಮಾಡಿದೆ. "ಅಣ್ಣ, ಸೋರಲ್ಲ ಅದು, ಎಳ್ಕೊಳ್ಳುತ್ತೆ," ಅಂದರು. "ಟ್ಯಾಂಕಿನ ಪೈಪ್ ಬಿಟ್ಟುಬಿಡಿ. ಒಂದು ಕ್ಯಾನಲ್ಲಿ ಡೀಸೆಲ್ ಹಾಕಿ ಎತ್ತರದಲ್ಲಿ ಇಟ್ಟು, ಅಲ್ಲಿಂದ ಫೀಡ್ ಪಂಪಿಗೆ ಕೊಡಿ."

ಹಾಗೇ ಮಾಡಿದೆ. ಗಾಡಿ ಒಂದು ಸಲವೂ ನಿಲ್ಲದೆ ಓಡಿತು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಆ ರಬ್ಬರ್ ಗಟ್ಟಿಯಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಲ್ಲಿಂದ ಡೀಸೆಲ್ ಹೊರಗೆ ಬರುತ್ತಿರಲಿಲ್ಲ, ಗಾಳಿ ಒಳಗೆ ಹೋಗುತ್ತಿತ್ತು. ಫಿಲ್ಟರ್ ಬಿಚ್ಚುವಾಗ ಪೈಪ್ ಅಲುಗಾಡಿ ಹಳೆಯ ಬಿರುಕು ಬಾಯಿ ಬಿಟ್ಟಿತ್ತು, ಅಷ್ಟೇ. ಹೊಸ ಪೈಪಿನ ತುಂಡು, ಎರಡು ಕ್ಲಿಪ್ಪು, ಕೆಲಸ ಮುಗಿಯಿತು. ಕ್ಯಾನಿನ ಈ ಪರೀಕ್ಷೆಯನ್ನು ಹಳೆ ಡೀಸೆಲ್ ಗಾಡಿ ಇರುವ ಪ್ರತಿಯೊಬ್ಬರೂ ಕಲಿತಿರಬೇಕು. ಲೈನಿನ ಯಾವ ಅರ್ಧದಲ್ಲಿ ತೊಂದರೆ ಎಂದು ಒಂದೇ ಏಟಿಗೆ ಹೇಳಿಬಿಡುತ್ತದೆ.

ನಮ್ಮ ಹವೆಗೆ ಸೇರಿದ ಕಾರಣಗಳೂ ಇವೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ಗಾಡಿ ನಿಲ್ಲಿಸಿದರೆ ಒಳಗಿನ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ. ಫಿಲ್ಟರ್ ಬಟ್ಟಲಿನ ಕೆಳಗಿನಿಂದ ಆಗಾಗ ನೀರು ಬಿಡಬೇಕು. ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ತೂತಿನಲ್ಲಿ ಕಣಜ ಮಣ್ಣು ತುಂಬಿ ಗೂಡು ಮಾಡುತ್ತದೆ, ಆಗಲೂ ಗಾಡಿ ಓಡಿ ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಾಗ 'ಸುಸ್' ಎಂದು ಗಾಳಿ ಎಳೆದುಕೊಂಡರೆ ಅದೇ ಕಾರಣ. ಇನ್ನು ಅಡಿಕೆ ಇಡುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿದರೆ ಇಲಿ ವೈರ್ ಕಡಿಯದೆ ಬಿಡುತ್ತದಾ?

ಬ್ಯಾಟರಿ ಸೋತಾಗ ಇಳಿಜಾರಿನಲ್ಲಿ ಗಾಡಿ ಬಿಟ್ಟು ಗೇರ್ ಹಾಕಿ ಹತ್ತಿಸುವುದು ಇಲ್ಲಿ ರೂಢಿ. ಇಂಥ ಗಾಡಿಯಲ್ಲಿ ಅದು ಸಾಧ್ಯ, ಆದರೆ ನಮ್ಮ ಮನೆಯಲ್ಲಿ ಯಾರಿಗೂ ನಾನು ಬಿಡುವುದಿಲ್ಲ. ಎಂಜಿನ್ ಆಫ್ ಇದ್ದಾಗ ಬ್ರೇಕಿಗೆ ವ್ಯಾಕ್ಯೂಮ್ ಸಹಾಯ ಸಿಗುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ನಮ್ಮ ತೋಟದ ರಸ್ತೆಯ ಕೊನೆಗೆ ಹಳ್ಳ ಇದೆ. ಮೇಲಾಗಿ, ಏರ್ ಹಿಡಿದ ಗಾಡಿ ಎಷ್ಟು ದೂಡಿದರೂ ಹತ್ತುವುದಿಲ್ಲ.

ಕಷ್ಟಗಳನ್ನೂ ಹೇಳಬೇಕು. ಪವರ್ ಸ್ಟೀರಿಂಗ್ ಇಲ್ಲದ ಕಾಲದ ಗಾಡಿ, ಘಾಟಿ ತಿರುವಿನಲ್ಲಿ ತೋಳು ಸೋಲುತ್ತದೆ. ಕ್ಯಾಬಿನ್ ಒಳಗೆ ಸದ್ದು, ಬಿಸಿ ಎರಡೂ ಜಾಸ್ತಿ. ಸರಕು ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಆ ಖರ್ಚು, ಓಡಾಟ ಲೆಕ್ಕದಲ್ಲಿರಲಿ. ದಿನಾ ಮಂಗಳೂರು, ಬೆಂಗಳೂರು ಬಾಡಿಗೆ ಹೊಡೆಯುವವರಿಗೆ ನಾನು ಇದನ್ನು ಹೇಳುವುದಿಲ್ಲ. ತೋಟ, ಸೊಸೈಟಿ, ಪೇಟೆ ಎಂದು ಹತ್ತಿರ ಓಡಾಡುವ, ಕೈಗೆ ಗ್ರೀಸ್ ಹತ್ತಿದರೆ ಬೇಸರಪಡದ ಮನೆಗೆ ಧೈರ್ಯವಾಗಿ ಹೇಳುತ್ತೇನೆ.

ಕೊಳ್ಳಲು ಹೋಗುವವರು ಬೆಳಿಗ್ಗೆ ಬೇಗ ಹೋಗಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಿಗೆ ಮೊದಲೇ ತಿಳಿಸಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣಗಿದ್ದು, ಒಂದೆರಡು ಸಲಕ್ಕೇ ಹತ್ತಿ, ಬಿಳಿ ಹೊಗೆ ಬೇಗ ನಿಂತರೆ ಆಮೇಲೆ ಬೆಲೆಯ ಮಾತಿಗೆ ಕೂರಿ.